ಸರ್ಚ್ ಮಾಡಿದ್ದೆ, ಬರೆದಿಟ್ಟಿರಲಿಲ್ಲ

ಹೋದ ವಾರ ಜರ್ನಲ್‌ನಿಂದ ಮೇಲ್ ಬಂತು, ಪೇಪರ್ ಒಪ್ಪಿಕೊಂಡಿದ್ದೇವೆ ಅಂತ. ಓದಿ, ಫೋನ್ ಪಕ್ಕಕ್ಕಿಟ್ಟು, ಸಂಜೆ ನಾಲ್ಕರವರೆಗೆ ಮಲಗಿಬಿಟ್ಟೆ. ಅಷ್ಟು ಸುಸ್ತಾಗಿತ್ತು. ಸಿಸ್ಟಮ್ಯಾಟಿಕ್ ರಿವ್ಯೂ, ಅಂದರೆ ಒಂದು ವಿಷಯದ ಅಧ್ಯಯನಗಳನ್ನೆಲ್ಲ ಹುಡುಕಿ ಒಟ್ಟು ಹಾಕಿ ನೋಡುವ ಪೇಪರ್, ಬರೆಯೋದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ನನ್ನನ್ನು ಸುಸ್ತು ಮಾಡಿದ್ದು ಬರವಣಿಗೆಯೂ ಅಲ್ಲ, ಅಂಕಿಅಂಶವೂ ಅಲ್ಲ. ಯಾವ ಡೇಟಾಬೇಸ್‌ನಲ್ಲಿ, ಯಾವ ದಿನ, ಯಾವ ಪದ ಹಾಕಿ ಹುಡುಕಿದೆ, ಎಷ್ಟು ಸಿಕ್ಕಿತು ಅಂತ ಲೆಕ್ಕ ಒಪ್ಪಿಸುವ ಕೆಲಸ. ಇದಕ್ಕೇ ನಾಲ್ಕು ತಿಂಗಳು ಹೋಯಿತು. ಈಗ ರಿವ್ಯೂ ಶುರು ಮಾಡುತ್ತಿರುವ ಪಿಜಿಗಳು, ಪಿಎಚ್‌ಡಿಯವರು ಇದನ್ನು ಓದಿಕೊಂಡರೆ ಅವರ ನಾಲ್ಕು ತಿಂಗಳು ಉಳಿದೀತು.

ನಾನು ಓದುತ್ತಿರುವುದು ಎಂಡಿಎಸ್, ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿ. ಊರು ತೀರ್ಥಹಳ್ಳಿ ಕಡೆ. ಮನೆಯಲ್ಲಿ ಅಡಿಕೆ ತೋಟ. ರಿವ್ಯೂ ವಿಷಯವೂ ಅಡಿಕೆಯೇ. ಅಡಿಕೆ ಜಗಿಯುವ ಚಟ ಬಿಡಿಸಲು ಏನು ಮಾಡಿದರೆ ಉಪಯೋಗ ಆಗುತ್ತದೆ ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡುವುದು. ತಂಬಾಕು ಸೇರಿಸದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರ ವರದಿಯಲ್ಲೇ ಹೇಳಿದೆ. ಬಾಯಿಗೆ ಎರಡು ಬೆರಳೂ ಹಿಡಿಸದಷ್ಟು ದವಡೆ ಬಿಗಿದುಕೊಂಡ ಹುಡುಗರನ್ನು ನಮ್ಮ ಒಪಿಡಿಯಲ್ಲಿ ನೋಡಿ ನೋಡಿ ಈ ವಿಷಯ ತೆಗೆದುಕೊಂಡಿದ್ದೆ. ಅಪ್ಪನಿಗೆ ಹೇಳಿದರೆ, "ಅಡಿಕೆ ಬಿಡಿಸೋ ಓದಾ? ಸುಲಿಯೋಕೆ ಜನ ಸಿಗ್ತಿಲ್ಲ, ಅದಕ್ಕೇನಾದ್ರೂ ಕಂಡುಹಿಡಿ ಮಾರಾಯ್ತಿ" ಅಂದರು.

ಶುರು ಚೆನ್ನಾಗಿಯೇ ಇತ್ತು. ರಿವ್ಯೂಗಳನ್ನು ಮೊದಲೇ ದಾಖಲಿಸುವ ಪ್ರಾಸ್ಪೆರೊ ಎಂಬ ಆನ್‌ಲೈನ್ ಪಟ್ಟಿಯಲ್ಲಿ ಪ್ರೋಟೋಕಾಲ್ (ಏನನ್ನು ಹೇಗೆ ಮಾಡುತ್ತೇವೆ ಎಂಬ ಯೋಜನೆ) ನೋಂದಾಯಿಸಿದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಆ ಫಾರ್ಮ್‌ನಲ್ಲಿ ಸರ್ಚ್ ಬಗ್ಗೆಯೂ ಒಂದು ಜಾಗ ಇದೆ. "ಪಬ್‌ಮೆಡ್, ಎಂಬೇಸ್, ಸ್ಕೋಪಸ್, ವೆಬ್ ಆಫ್ ಸೈನ್ಸ್ ಹುಡುಕುತ್ತೇವೆ" ಅಂತ, ಪೇಪರ್‌ಗಳನ್ನು ಹುಡುಕುವ ನಾಲ್ಕು ಡೇಟಾಬೇಸ್‌ಗಳ ಹೆಸರು ಹಾಕಿ, ಎರಡು ಸಾಲು ಬರೆದು ಮುಂದೆ ಹೋದೆ. ಅಲ್ಲಿ ಬರೆದ ಮಾತನ್ನು ಆಮೇಲೆ ಉಳಿಸಿಕೊಳ್ಳಬೇಕು ಎಂಬುದು ಆವತ್ತು ತಲೆಗೆ ಹೋಗಲಿಲ್ಲ. ನಾಲ್ಕು ಹೆಸರು ಬರೆದ ಮೇಲೆ ನಾಲ್ಕನ್ನೂ ಹುಡುಕಬೇಕು, ಇಲ್ಲವಾದರೆ ಯಾಕೆ ಬಿಟ್ಟೆ ಅಂತ ಹೇಳಬೇಕು. ನಿಮ್ಮ ಕಾಲೇಜಿನಲ್ಲಿ ಯಾವುದು ತೆರೆಯುತ್ತದೆ ಅಂತ ನೋಡಿಕೊಂಡು ಆಮೇಲೆ ಬರೆಯಿರಿ.

ನಮ್ಮದು ಖಾಸಗಿ ಕಾಲೇಜು. ವಿಶ್ವವಿದ್ಯಾಲಯದ ಹೆಲಿನೆಟ್‌ನಿಂದ ಜರ್ನಲ್‌ಗಳು ಸಿಗುತ್ತವೆ, ಆದರೆ ನನಗೆ ಬೇಕಿದ್ದ ಎಂಬೇಸ್ ನಮ್ಮಲ್ಲಿರಲಿಲ್ಲ. 2025ರ ಜನವರಿಯಲ್ಲಿ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಎಂಬ ಕೇಂದ್ರ ಸರ್ಕಾರದ ಜರ್ನಲ್ ಯೋಜನೆ ಶುರುವಾದಾಗ ಆಸೆಯಿಂದ ವಿಚಾರಿಸಿದೆ. ಅದು ಸರ್ಕಾರಿ ಸಂಸ್ಥೆಗಳಿಗೆ. ಪುಣ್ಯಕ್ಕೆ ನಾನು ಮೊದಲ ಸಲ ಹುಡುಕುವ ಹೊತ್ತಿಗೆ ನಮ್ಮ ಲೈಬ್ರರಿಗೆ ಎಂಬೇಸ್ ಒಂದು ತಿಂಗಳ ಟ್ರಯಲ್ ಬಂದಿತ್ತು. ಅದು ಪುಣ್ಯವೋ ಕರ್ಮವೋ, ಮುಂದೆ ನೀವೇ ನೋಡಿ.

ಮೊದಲ ತಲೆನೋವು ಪದಗಳದ್ದು. ಅಡಿಕೆಗೆ ಇಂಗ್ಲಿಷಿನಲ್ಲಿ ಒಂದು ಹೆಸರಿಲ್ಲ. ಕೆಲವರು ಅರೆಕಾ ನಟ್ ಅಂತ ಎರಡು ಪದವಾಗಿ ಬರೆಯುತ್ತಾರೆ. ನಮ್ಮವರು ಕೂಡಿಸಿ ಒಂದೇ ಪದ ಮಾಡುತ್ತಾರೆ. ಕ್ಯಾಂಪ್ಕೊದ ಪೂರ್ತಿ ಹೆಸರಿನಲ್ಲೇ ಅದು ಒಂದೇ ಪದ. ನಮಗೆ ಎರಡೂ ಒಂದೇ, ಡೇಟಾಬೇಸ್‌ಗೆ ಅಲ್ಲ. ಎರಡು ಪದ ಮಾತ್ರ ಹಾಕಿ ಹುಡುಕಿದರೆ ಕೂಡಿಸಿ ಬರೆದವರ ಪೇಪರ್ ತಪ್ಪಿಹೋಗುತ್ತದೆ. ಅದರ ಮೇಲೆ ಬೀಟಲ್ ನಟ್, ಬೀಟಲ್ ಕ್ವಿಡ್, ಸುಪಾರಿ, ಪಾನ್ ಮಸಾಲಾ. ಗುಟ್ಕಾಗೆ ಎಚ್ ಹಾಕುವವರು, ಹಾಕದವರು. ವಿದರ್ಭದಲ್ಲಿ ಖರ್ರಾ, ಗುಜರಾತಿನಲ್ಲಿ ಮಾವಾ, ಅಸ್ಸಾಮಿನಲ್ಲಿ ತಾಮೂಲ್, ಮೇಘಾಲಯದಲ್ಲಿ ಕ್ವಾಯ್, ಭೂತಾನಿನಲ್ಲಿ ದೋಮಾ, ಪಪುವಾ ನ್ಯೂಗಿನಿಯಲ್ಲಿ ಬುಅಯ್. ಪಬ್‌ಮೆಡ್‌ನ ವಿಷಯಪಟ್ಟಿಯಾದ ಮೆಶ್‌ನಲ್ಲಿ ಇದು ಕೂರುವುದು ಅರೆಕಾ ಎಂಬ ಗಿಡದ ಹೆಸರಿನ ಕೆಳಗೆ. ಪಾನ್ ಎಂಬ ಪದವನ್ನು ಒಂದೇ ಹಾಕಿದ ದಿನ ನಗು ಬಂತು. ಇಂಗ್ಲಿಷಿನಲ್ಲಿ ಪ್ಯಾನ್ ಅಂತ ಶುರುವಾಗುವುದು ಎಷ್ಟಿಲ್ಲ! ಬೇಡದ್ದೆಲ್ಲ ರಾಶಿ ರಾಶಿ ಬಂದು ಬಿತ್ತು.

ಒಂದು ಎಐ ಚಾಟ್‌ಬಾಟ್‌ಗೂ ಕೇಳಿದೆ, ಸುಳ್ಳೇಕೆ ಹೇಳಲಿ. ಚಂದದ ಸರ್ಚ್ ಬರೆದುಕೊಟ್ಟಿತು. ಅದರಲ್ಲಿದ್ದ ಮೂರು ಮೆಶ್ ಪದಗಳನ್ನು ಹುಡುಕಿದರೆ ಎರಡು ಮೆಶ್‌ನಲ್ಲೇ ಇಲ್ಲ.

ಕೊನೆಗೆ ಹಾಸ್ಟೆಲ್‌ನಲ್ಲಿ ಕೂತು ಮೂರು ರಾತ್ರಿಯಲ್ಲಿ ನಾಲ್ಕೂ ಡೇಟಾಬೇಸ್ ಮುಗಿಸಿದೆ. ಫಲಿತಾಂಶಗಳನ್ನು ಇಳಿಸಿ, ಪೇಪರ್‌ಗಳ ಪಟ್ಟಿ ಇಟ್ಟುಕೊಳ್ಳುವ ಝೊಟೆರೋ ಸಾಫ್ಟ್‌ವೇರ್‌ಗೆ ಹಾಕಿದೆ. ಡಬಲ್ ಆದದ್ದನ್ನು ತೆಗೆದೆ. ಯಾವುದು ಬೇಕು, ಯಾವುದು ಬೇಡ ಅಂತ ಆರಿಸುವ ಸ್ಕ್ರೀನಿಂಗ್‌ಗೆ ರಯ್ಯಾನ್ ಎಂಬ ಆ್ಯಪ್. ಸರ್ಚ್‌ನ ದಾಖಲೆ ಅಂತ ನನ್ನ ಹತ್ತಿರ ಉಳಿದದ್ದು ಒಂದು ವರ್ಡ್ ಫೈಲ್, ಅದರಲ್ಲಿ ಪಬ್‌ಮೆಡ್‌ಗೆ ಟೈಪ್ ಮಾಡಿದ ಸಾಲು. ಜೊತೆಗೆ ಫೋನಿನಲ್ಲಿ ತೆಗೆದ ಎರಡು ಫೋಟೋ, ಒಂದರಲ್ಲಿ ಅರ್ಧ ನನ್ನ ಚಹಾ ಲೋಟ.

ಪೇಪರ್ ಕಳಿಸಿದೆ. ಮೂರು ತಿಂಗಳು ಸದ್ದಿಲ್ಲ. ಪ್ರತಿ ಸೋಮವಾರ ಪೋರ್ಟಲ್ ತೆರೆದು "ಅಂಡರ್ ರಿವ್ಯೂ" ನೋಡಿ ಮುಚ್ಚುವುದು ಅಭ್ಯಾಸವಾಗಿ ಹೋಯಿತು. ಆಮೇಲೆ ಒಂದು ಶುಕ್ರವಾರ ರಾತ್ರಿ ಉತ್ತರ ಬಂತು, ಮೇಜರ್ ರಿವಿಷನ್ ಅಂದರೆ ದೊಡ್ಡ ತಿದ್ದುಪಡಿ, 60 ದಿನದ ಗಡುವು. ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸುವ ಇಬ್ಬರಲ್ಲಿ ಮೊದಲ ರಿವ್ಯೂವರ್ ಒಳ್ಳೆಯ ಮಾತಾಡಿದ್ದರು. ಎರಡನೆಯವರು ಸರ್ಚ್ ಬಗ್ಗೆಯೇ ಒಂದು ಪುಟ ಬರೆದಿದ್ದರು. ಎಲ್ಲ ಡೇಟಾಬೇಸ್‌ಗಳ ಪೂರ್ತಿ ಸರ್ಚ್ ಕೊಡಿ. ಪ್ರತಿಯೊಂದನ್ನು ಹುಡುಕಿದ ದಿನಾಂಕ ಕೊಡಿ. ಯಾವ ಪ್ಲಾಟ್‌ಫಾರ್ಮ್ ಅಂತ ಹೇಳಿ. ಇಂಗ್ಲಿಷ್ ಮಾತ್ರ ಅಂದಿದ್ದೀರಿ, ಅದು ಡೇಟಾಬೇಸ್‌ನಲ್ಲಿ ಹಾಕಿದ ಫಿಲ್ಟರ್ರಾ, ಓದುವಾಗ ನೀವು ತೆಗೆದದ್ದಾ? ಡಬಲ್ ತೆಗೆಯುವ ಮೊದಲು ಎಷ್ಟಿತ್ತು? ಸರ್ಚನ್ನು ಬೇರೆ ಯಾರಾದರೂ ಪರೀಕ್ಷೆ ಮಾಡಿದ್ದಾರಾ?

ಒಂದಕ್ಕೂ ನನ್ನ ಹತ್ತಿರ ನೆಟ್ಟಗೆ ಉತ್ತರ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಕದ್ದು ಸಿಕ್ಕಿಬಿದ್ದ ಹಾಗೆ ಅನಿಸುತ್ತಿತ್ತು. ಕೆಲಸ ಮಾಡಿದ್ದು ನಿಜ, ಮಾಡಿದೆ ಅಂತ ತೋರಿಸಲು ಏನೂ ಇಲ್ಲ.

ಎಲ್ಲಿ ಎಡವಿದ್ದು ಅಂತ ಆಮೇಲೆ ಗೊತ್ತಾಯಿತು. ನಾನು ಮಾದರಿಯಾಗಿ ಇಟ್ಟುಕೊಂಡಿದ್ದು ಸೀನಿಯರ್ ಒಬ್ಬರ ಹಳೆಯ ಥೀಸಿಸ್. ಅದು 2009ರ ಪ್ರಿಸ್ಮಾ ಪಟ್ಟಿ, ಅಂದರೆ ರಿವ್ಯೂನಲ್ಲಿ ಏನೇನು ವರದಿ ಮಾಡಬೇಕು ಎಂಬ ಪಟ್ಟಿ, ನೋಡಿ ಬರೆದದ್ದು. ಆ ಪಟ್ಟಿಯ ಪ್ರಕಾರ ಕನಿಷ್ಠ ಒಂದು ಡೇಟಾಬೇಸ್‌ನ ಸರ್ಚ್ ಕೊಟ್ಟರೆ ಸಾಕಿತ್ತು. 2020ರ ಪ್ರಿಸ್ಮಾ ಬಂದ ಮೇಲೆ ನಿಯಮ ಬದಲಾಗಿದೆ. ಹುಡುಕಿದ ಪ್ರತಿ ಡೇಟಾಬೇಸ್, ಪ್ರತಿ ರಿಜಿಸ್ಟ್ರಿ, ಪ್ರತಿ ವೆಬ್‌ಸೈಟ್‌ನ ಪೂರ್ತಿ ಸರ್ಚ್ ಬೇಕು, ಫಿಲ್ಟರ್‌ಗಳ ಸಮೇತ. ಸರ್ಚ್ ವರದಿಗೆಂದೇ 2021ರಲ್ಲಿ ಪ್ರಿಸ್ಮಾ-ಎಸ್ ಅಂತ ಬೇರೆ ಪಟ್ಟಿ ಬಂದಿದೆ, ಅದರಲ್ಲಿ 16 ಅಂಶ. ರಿವ್ಯೂವರ್ ಕೇಳಿದ ಪ್ರಶ್ನೆಗಳೆಲ್ಲ ಅದರಲ್ಲಿದ್ದವು. ಅವರೇನು ನನ್ನ ಮೇಲೆ ಹಗೆ ಸಾಧಿಸಿರಲಿಲ್ಲ. ಉಚಿತವಾಗಿ ಸಿಗುವ ಆ ಪಟ್ಟಿಯನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ, ಒಂದು ವರ್ಷ ತಡವಾಗಿ.

ಹಳೆಯದನ್ನು ಮರಳಿ ಕಟ್ಟಲು ನೋಡಿದೆ. ಪಬ್‌ಮೆಡ್‌ನ ಹಿಸ್ಟರಿ ಎಂಟು ಗಂಟೆ ಸುಮ್ಮನಿದ್ದರೆ ಅಳಿಸಿಹೋಗುತ್ತದೆ. ಮೈ ಎನ್‌ಸಿಬಿಐನಲ್ಲಿ ಉಚಿತ ಖಾತೆ ತೆರೆದು ಸರ್ಚನ್ನು ಉಳಿಸಿಡಬಹುದಿತ್ತು, ನಾನು ಲಾಗಿನ್ ಆಗಿಯೇ ಇರಲಿಲ್ಲ. ಎಂಬೇಸ್ ಟ್ರಯಲ್ ಯಾವತ್ತೋ ಮುಗಿದಿತ್ತು, ಅದರ ಜೊತೆ ನನ್ನ ಸರ್ಚೂ ಹೋಯಿತು. ವರ್ಡ್ ಫೈಲ್‌ನಲ್ಲಿದ್ದ ಸಾಲನ್ನು ಪಬ್‌ಮೆಡ್‌ಗೆ ಹಾಕಿ, ತಾರೀಖು ಹಿಂದಕ್ಕೆ ಸೀಮಿತ ಮಾಡಿ ನೋಡಿದರೂ ಸಂಖ್ಯೆ ತಾಳೆ ಆಗಲಿಲ್ಲ. ನಾವು ಟೈಪ್ ಮಾಡಿದ ಪದವನ್ನು ಪಬ್‌ಮೆಡ್ ಒಳಗೊಳಗೇ ಹಿಗ್ಗಿಸಿ ಮೆಶ್ ಪದಕ್ಕೆ ಜೋಡಿಸುತ್ತದೆ. ಮೆಶ್ ಪ್ರತಿ ವರ್ಷ ಪರಿಷ್ಕರಣೆ ಆಗುತ್ತದೆ. ಹಾಗಾಗಿ ನಾನು ಬರೆದಿಟ್ಟ ಸಾಲು ಒಂದು, ನಿಜವಾಗಿ ಓಡಿದ ಸರ್ಚ್ ಇನ್ನೊಂದು. ಅಡ್ವಾನ್ಸ್ಡ್ ಪುಟದ ಹಿಸ್ಟರಿಯಲ್ಲಿ ಪ್ರತಿ ಸಾಲಿನ ಪಕ್ಕ "ಡೀಟೇಲ್ಸ್" ಅಂತ ಇದೆ. ಅದನ್ನು ಒತ್ತಿದರೆ ಪಬ್‌ಮೆಡ್ ನಮ್ಮ ಪದವನ್ನು ಹೇಗೆ ಅರ್ಥ ಮಾಡಿಕೊಂಡಿತು ಅಂತ ಪೂರ್ತಿ ಕಾಣುತ್ತದೆ. ಕಾಪಿ ಮಾಡಬೇಕಾದ್ದು ಅದನ್ನು. ಅಲ್ಲೇ ಹಿಸ್ಟರಿಯನ್ನು ಫೈಲ್ ಆಗಿ ಇಳಿಸಿಕೊಳ್ಳಲೂ ಬರುತ್ತದೆ.

ಗೈಡ್ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. "ಅಂದಾಜಿಗೆ ಒಂದು ಡೇಟ್ ಹಾಕಿಬಿಡಲಾ ಸರ್?" ಅಂತಲೂ ಕೇಳಿದೆ, ಈಗ ನಾಚಿಕೆಯಾಗುತ್ತದೆ. ಸರ್ ಬೈಯಲಿಲ್ಲ. "ಎಲ್ಲ ಮೊದಲಿಂದ ಮಾಡಮ್ಮ. 60 ದಿನ ಸಾಲದಿದ್ರೆ ಇನ್ನೊಂದಿಷ್ಟು ಕೇಳೋಣ" ಅಂದರು. ಎಡಿಟರ್‌ಗೆ ಬರೆದೆವು. ಒಂದೇ ದಿನದಲ್ಲಿ ಇನ್ನೂ 60 ದಿನ ಕೊಟ್ಟರು. ಗಡುವು ಮುಗಿಯುವ ಮೊದಲೇ ಕೇಳಿದರೆ ಕೊಡುತ್ತಾರೆ, ಸಂಕೋಚ ಬೇಡ.

ಎಂಬೇಸ್‌ಗಾಗಿ ಬೆಂಗಳೂರಿನ ಒಂದು ಸಂಸ್ಥೆಯ ಲೈಬ್ರರಿಗೆ ಹೋದೆ. ಹೊರಗಿನವರಿಗೆ ದಿನದ ಲೆಕ್ಕದಲ್ಲಿ ಬಿಡುತ್ತಾರೆ ಅಂತ ಗೆಳತಿ ಹೇಳಿದ್ದಳು. ರಾತ್ರಿ ಬಸ್ಸು, ಬೆಳಿಗ್ಗೆ ಅವಳ ರೂಮಿನಲ್ಲಿ ಸ್ನಾನ, ಒಂಬತ್ತೂವರೆಗೆ ಲೈಬ್ರರಿ ಬಾಗಿಲು. ಬಾಗಿಲಲ್ಲಿ ತಡೆದರು. ಕಾಲೇಜಿನ ಲೆಟರ್ ಇತ್ತು, ಐಡಿ ಕಾರ್ಡ್ ಇತ್ತು. ಲೆಟರ್‌ನಲ್ಲಿ "ಗ್ರಂಥಾಲಯ ಬಳಸಲು" ಅಂತಿತ್ತೇ ಹೊರತು "ಆನ್‌ಲೈನ್ ಡೇಟಾಬೇಸ್ ಬಳಸಲು" ಅಂತ ಇರಲಿಲ್ಲ. ಪುಸ್ತಕ ನೋಡಬಹುದು, ಕಂಪ್ಯೂಟರ್ ಮುಟ್ಟುವ ಹಾಗಿಲ್ಲ. ಆ ಒಂದು ಸಾಲಿಗೆ ವಾಪಸ್ ಊರಿಗೆ ಬಂದು, ಪ್ರಿನ್ಸಿಪಾಲರ ಸಹಿಗೆ ಎಂಟು ದಿನ ಕಾದು, ಮತ್ತೆ ಬಸ್ಸು ಹತ್ತಿದೆ. ಎರಡು ಪ್ರಯಾಣ, ಊಟ, ಲೈಬ್ರರಿ ಶುಲ್ಕ ಎಲ್ಲ ಸೇರಿ 4,600 ರೂಪಾಯಿ. ಲೆಟರ್‌ನಲ್ಲಿ ಡೇಟಾಬೇಸ್‌ನ ಹೆಸರು, ಹೋಗುವ ದಿನಾಂಕ, ಫೈಲ್ ಇಳಿಸಿಕೊಳ್ಳಲು ಅನುಮತಿ, ಮೂರೂ ಇರಲಿ. ಮೊದಲೇ ಫೋನ್ ಮಾಡಿ ಪೆನ್‌ಡ್ರೈವ್ ಬಿಡುತ್ತಾರಾ ಅಂತ ಕೇಳಿ. ಅಲ್ಲಿ ಬಿಡುತ್ತಿರಲಿಲ್ಲ, ಎಲ್ಲವನ್ನೂ ಮೇಲ್ ಮಾಡಿಕೊಳ್ಳಬೇಕಾಯಿತು.

ಎರಡನೇ ಸಲ ಹೋದಾಗ ಸಿಕ್ಕವರು ಅಲ್ಲಿನ ಲೈಬ್ರೇರಿಯನ್ ಮೇಡಂ. ನನ್ನ ಕಾಗದ ನೋಡಿ ಕೇಳಿದ ಮೊದಲ ಪ್ರಶ್ನೆ, "ಬ್ರ್ಯಾಕೆಟ್ ಎಲ್ಲಮ್ಮ?"

ಆರ್ (ಇದು ಅಥವಾ ಅದು) ಮತ್ತು ಆಂಡ್ (ಎರಡೂ ಇರಬೇಕು) ಎಂಬ ಜೋಡಿಸುವ ಪದಗಳೆರಡನ್ನೂ ಒಂದೇ ಸಾಲಿನಲ್ಲಿ ಬ್ರ್ಯಾಕೆಟ್ ಇಲ್ಲದೆ ಬರೆದಿದ್ದೆ. ಪಬ್‌ಮೆಡ್ ಅದನ್ನು ಎಡದಿಂದ ಬಲಕ್ಕೆ ಓದುತ್ತದೆ. ವೆಬ್ ಆಫ್ ಸೈನ್ಸ್ ಆಂಡ್ ಅನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅಂದರೆ ಒಂದೇ ಸಾಲು, ಎರಡು ಕಡೆ ಎರಡು ಅರ್ಥ. ಮೊದಲ ಸಲ ನಾನು ಹುಡುಕಿದ್ದು ಏನನ್ನು ಅಂತ ನನಗೇ ಗೊತ್ತಿರಲಿಲ್ಲ ಎಂಬುದು ಅಲ್ಲಿ ಕೂತಾಗ ಗೊತ್ತಾಯಿತು. ರಿವ್ಯೂವರ್ ಮೇಲಿದ್ದ ಸಿಟ್ಟು ಆವತ್ತೇ ಇಳಿದದ್ದು.

ಮೇಡಂ ಅರ್ಧ ದಿನ ನನ್ನ ಜೊತೆ ಕೂತರು. ಪ್ರೆಸ್ ಎಂಬ ಇನ್ನೊಂದು ಪಟ್ಟಿ ಇದೆ, 2015ರದ್ದು, ಒಬ್ಬರ ಸರ್ಚನ್ನು ಇನ್ನೊಬ್ಬರು ತಿದ್ದಲು. ಅದನ್ನು ಹಿಡಿದು ಸಾಲು ಸಾಲಾಗಿ ನೋಡಿದರು. ಹಾಗೆ ಶುರುವಾಗುವ ಪದಗಳೆಲ್ಲ ಬರಲಿ ಅಂತ ಪದವನ್ನು ಮೊಟಕು ಮಾಡಿ ಕೊನೆಗೆ ನಕ್ಷತ್ರ ಹಾಕುತ್ತೇವಲ್ಲ, ಪಬ್‌ಮೆಡ್‌ನಲ್ಲಿ ಅದಕ್ಕೆ ಮೊದಲು ಕನಿಷ್ಠ ನಾಲ್ಕು ಅಕ್ಷರ ಬೇಕು. ನಾನು ಒಂದು ಕಡೆ ಮೂರೇ ಹಾಕಿದ್ದೆ. ವರ್ಡ್‌ನಿಂದ ಕಾಪಿ ಮಾಡಿದ ಉದ್ಧರಣ ಚಿಹ್ನೆಗಳು ಬಾಗಿದ್ದವು. ಎಲ್ಲ ಡೇಟಾಬೇಸೂ ಅದನ್ನು ಸರಿಯಾಗಿ ಓದುವುದಿಲ್ಲ, ನೆಟ್ಟಗಿನ ಚಿಹ್ನೆ ಬೇಕು. ಅದಕ್ಕೇ ಸರ್ಚನ್ನು ವರ್ಡ್‌ನಲ್ಲಿ ಇಡಬೇಡಿ, ನೋಟ್‌ಪ್ಯಾಡ್‌ನಲ್ಲಿ ಇಡಿ. ಎರಡು ಪದ ಹತ್ತಿರ ಹತ್ತಿರ ಇರಬೇಕು ಅನ್ನುವುದನ್ನು ಎಂಬೇಸ್‌ನಲ್ಲಿ ಒಂದು ರೀತಿ, ಸ್ಕೋಪಸ್‌ನಲ್ಲಿ ಒಂದು ರೀತಿ, ಪಬ್‌ಮೆಡ್‌ನಲ್ಲಿ ಮತ್ತೊಂದು ರೀತಿ ಬರೆಯಬೇಕು. ಪಬ್‌ಮೆಡ್‌ಗೆ ಈ ಸೌಲಭ್ಯ ಬಂದದ್ದೇ 2022ರ ಕೊನೆಗೆ. ಒಂದು ಸರ್ಚನ್ನು ನಾಲ್ಕು ಕಡೆ ಅಂಟಿಸುವ ಕೆಲಸ ಅಲ್ಲ ಇದು, ನಾಲ್ಕು ಭಾಷೆಯಲ್ಲಿ ಬರೆಯುವ ಕೆಲಸ.

"ಗೊತ್ತಿರೋ ಪೇಪರ್ ಸಿಗುತ್ತಾ ನೋಡಿದ್ಯಾ?" ಅಂತ ಕೇಳಿದರು. ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ವಿಷಯಕ್ಕೆ ಖಂಡಿತ ಬೇಕಾದ ಆರೇಳು ಪೇಪರ್ ಮೊದಲೇ ಪಟ್ಟಿ ಮಾಡಿಕೊಂಡು, ಸರ್ಚ್ ಅವನ್ನು ಹಿಡಿಯುತ್ತದಾ ಅಂತ ನೋಡುವುದು. ಗುವಾಮ್ ಮತ್ತು ಸೈಪಾನ್ ದ್ವೀಪಗಳಲ್ಲಿ ನಡೆದ ಬೆನಿಟ್ ಟ್ರಯಲ್ ಅಡಿಕೆ ಬಿಡಿಸುವುದಕ್ಕೆಂದೇ ಮಾಡಿದ ಪ್ರಯೋಗ. ಅದು ಬಾರದಿದ್ದರೆ ಸರ್ಚ್‌ನಲ್ಲೇ ತೂತಿದೆ ಅಂತ ಅರ್ಥ. ಬಂತು. ಪಟ್ಟಿಯಲ್ಲಿದ್ದ ಇನ್ನೊಂದು ಬರಲಿಲ್ಲ. ಚಟ ಬಿಡುವುದಕ್ಕೆ ನಾನು "ಸೆಸೇಷನ್" ಅಂತ ಹುಡುಕಿದ್ದೆ, ಅವರು "ಕ್ವಿಟ್" ಅಂತ ಬರೆದಿದ್ದರು. ಪದ ಸೇರಿಸಿದೆ, ಯಾಕೆ ಸೇರಿಸಿದೆ ಅಂತಲೂ ಬರೆದಿಟ್ಟೆ.

ಬರೆದಿಡಲು ಈ ಸಲ ಒಂದು ಎಕ್ಸೆಲ್ ಹಾಳೆ ಮಾಡಿಕೊಂಡೆ. ಡೇಟಾಬೇಸ್ ಹೆಸರು, ಪ್ಲಾಟ್‌ಫಾರ್ಮ್, ಹುಡುಕಿದ ದಿನ, ಓಡಿದ ಸರ್ಚ್ ಅಕ್ಷರಶಃ, ಹಾಕಿದ ಫಿಲ್ಟರ್, ಬಂದ ಸಂಖ್ಯೆ, ಇಳಿಸಿದ ಫೈಲ್‌ನ ಹೆಸರು. ಪ್ಲಾಟ್‌ಫಾರ್ಮ್ ಯಾಕೆ ಅಂದರೆ ಮೆಡ್‌ಲೈನ್ ಎಂಬ ಒಂದೇ ಡೇಟಾಬೇಸ್ ಪಬ್‌ಮೆಡ್‌ನಲ್ಲೂ ಇದೆ, ಓವಿಡ್ ಎಂಬ ಇನ್ನೊಂದು ಪ್ಲಾಟ್‌ಫಾರ್ಮ್‌ನಲ್ಲೂ ಇದೆ, ಎರಡರ ಬರವಣಿಗೆ ಬೇರೆ. ವೆಬ್ ಆಫ್ ಸೈನ್ಸ್ ಅಂತ ಬರೆದರೂ ಸಾಲದು. ಅದರೊಳಗಿನ ಯಾವ ಇಂಡೆಕ್ಸ್‌ಗಳು, ಯಾವ ವರ್ಷದಿಂದ ಅಂತ ಹೇಳಬೇಕು, ಯಾಕೆಂದರೆ ಒಂದೊಂದು ಸಂಸ್ಥೆ ಒಂದೊಂದಕ್ಕೆ ದುಡ್ಡು ಕಟ್ಟಿರುತ್ತದೆ. ನಾನು ಕೂತಿದ್ದ ಕಡೆ ತೆರೆದದ್ದು ನೀವು ಕೂತ ಕಡೆ ತೆರೆಯದೇ ಇರಬಹುದು.

ಡೇಟಾಬೇಸ್ ಆಚೆಗಿನ ಹುಡುಕಾಟ ಇನ್ನೂ ರಗಳೆ. ಗೂಗಲ್ ಸ್ಕಾಲರ್ ಲಕ್ಷ ಫಲಿತಾಂಶ ಅಂತ ಹೇಳಿದರೂ ತೋರಿಸುವುದು ಮೊದಲ 1,000 ಮಾತ್ರ. ನಾನು ಮೊದಲ 200 ನೋಡಿದೆ, ಹಾಗಂತಲೇ ಬರೆದೆ. ನಮ್ಮ ದೇಶದ ಟ್ರಯಲ್‌ಗಳು ದಾಖಲಾಗುವ ಸಿಟಿಆರ್‌ಐ 2007ರಿಂದ ಇದೆ. 2009ರ ಜೂನ್‌ನಿಂದ ನೋಂದಣಿ ಕಡ್ಡಾಯ ಕೂಡ. ಅದರಲ್ಲಿ ಉದ್ದದ ಸರ್ಚ್ ನನಗೆ ಓಡಲಿಲ್ಲ. ಒಂದೊಂದೇ ಪದ ಹಾಕಿ, ಸಿಕ್ಕಿದ್ದನ್ನು ಕೈಯಿಂದ ಹಾಳೆಗೆ ಇಳಿಸಿದೆ. ಒಂದು ಭಾನುವಾರ ಪೂರ್ತಿ ಅದಕ್ಕೇ. ಪಿಎಚ್‌ಡಿ ಥೀಸಿಸ್‌ಗಳಿಗೆ ಶೋಧಗಂಗಾ ನೋಡಿದೆ, ಅಲ್ಲೂ ಅದೇ ಕಥೆ. ಪದ, ದಿನ, ಸಂಖ್ಯೆ ಬರೆದಿಟ್ಟರೆ ಆಯಿತು, ಸರ್ಚ್ ಚಂದ ಕಾಣಬೇಕೆಂದೇನಿಲ್ಲ.

ಇಂಗ್ಲಿಷ್ ಫಿಲ್ಟರ್ ವಿಷಯದಲ್ಲಿ ಒಂದು ಪಶ್ಚಾತ್ತಾಪ ಉಳಿದಿದೆ. ಅಡಿಕೆ ಬಗ್ಗೆ ತೈವಾನಿನಲ್ಲಿ ತುಂಬಾ ಕೆಲಸ ಆಗಿದೆ, ಒಂದಷ್ಟು ಚೀನೀ ಭಾಷೆಯಲ್ಲಿ. ಮೊದಲ ಸಲ ಫಿಲ್ಟರ್ ಹಾಕಿ ಅವನ್ನೆಲ್ಲ ಕಾಣದ ಹಾಗೆ ಮಾಡಿದ್ದೆ. ಈ ಸಲ ಹಾಕಲಿಲ್ಲ. ಬಂದದ್ದನ್ನು ಎಣಿಸಿ, ಓದಲಾಗದೆ ಬಿಟ್ಟೆ ಅಂತ ಬರೆದೆ. ಓದಿಸಲು ದುಡ್ಡೂ ಇರಲಿಲ್ಲ, ದಿನವೂ ಇರಲಿಲ್ಲ.

ಕೊನೆಯ ಪೆಟ್ಟು ಎಣಿಕೆಯಲ್ಲಿ. ನಾಲ್ಕೂ ಡೇಟಾಬೇಸ್‌ನ ಸಂಖ್ಯೆ ಕೂಡಿಸಿದರೆ ಒಂದು, ಝೊಟೆರೋದಲ್ಲಿ ಇರುವುದು ಇನ್ನೊಂದು. ಹನ್ನೊಂದು ಕಡಿಮೆ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಸಿಕ್ಕಿತು: ಸ್ಕೋಪಸ್‌ನಿಂದ ಇಳಿಸುವಾಗ ಕೊನೆಯ ಪುಟವನ್ನು ಆಯ್ಕೆ ಮಾಡಿರಲಿಲ್ಲ. ಇಳಿಸಿದ ತಕ್ಷಣ ಫೈಲ್ ತೆರೆದು ಎಣಿಸಿದ್ದರೆ ಎರಡು ನಿಮಿಷದ ಕೆಲಸ. ಡಬಲ್ ತೆಗೆಯುವ ಮೊದಲು ಇಡೀ ಲೈಬ್ರರಿಯ ಒಂದು ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ, ಮುಟ್ಟಲು ಹೋಗಬೇಡಿ. ಯಾವ ಸಾಫ್ಟ್‌ವೇರ್‌ನಲ್ಲಿ ತೆಗೆದಿರಿ, ಎಷ್ಟು ಹೋಯಿತು, ಎರಡನ್ನೂ ಬರೆಯಬೇಕು.

ಇಷ್ಟೆಲ್ಲ ಮಾಡಿ ಹೊಸದಾಗಿ ಸಿಕ್ಕ ಅಧ್ಯಯನ ಎಷ್ಟು? ಎರಡು. ತೀರ್ಮಾನ ಬದಲಾಗಲಿಲ್ಲ. ಎರಡರಲ್ಲಿ ಒಂದು ನಮ್ಮ ರಾಜ್ಯದ್ದೇ, ಅರೆಕಾನಟ್ ಅಂತ ಕೂಡಿಸಿ ಬರೆದದ್ದು.

ಗಡುವಿಗೆ ನಾಲ್ಕು ದಿನ ಮೊದಲು ಕಳಿಸಿದೆ. ಅಪೆಂಡಿಕ್ಸ್ ಏಳು ಪುಟ. ಹಳೆಯ ಸರ್ಚ್‌ನ ದಾಖಲೆ ಸರಿ ಇರಲಿಲ್ಲ, ಹಾಗಾಗಿ ಪೂರ್ತಿ ಮರಳಿ ಮಾಡಿದ್ದೇವೆ ಅಂತ ಉತ್ತರದಲ್ಲಿ ನೇರವಾಗಿ ಬರೆದೆವು. ಬರೆಯುವಾಗ ಕೈ ನಡುಗಿತು. ಎರಡನೇ ರಿವ್ಯೂವರ್ ಈ ಸಲ ಕೊಟ್ಟದ್ದು ಒಂದೇ ಸಾಲು, ಅಪೆಂಡಿಕ್ಸ್‌ನ ಮೂರನೇ ಪುಟದಲ್ಲಿ ಒಂದು ಬ್ರ್ಯಾಕೆಟ್ ಮುಚ್ಚಿಲ್ಲ ಅಂತ. ನೋಡಿದರೆ ನಿಜ.

ಪೇಪರ್ ಒಪ್ಪಿದ ಮೇಲೆ ಊರಿಗೆ ಹೋಗಿದ್ದೆ. ಅಪ್ಪ ಕನ್ನಡಕ ಹಾಕಿಕೊಂಡು ಪ್ರಿಂಟ್ ತಿರುವಿದರು. ಬೇರೆ ಯಾವುದೂ ಅರ್ಥ ಆಗದೆ ಅಪೆಂಡಿಕ್ಸ್‌ನಲ್ಲಿದ್ದ ಅಡಿಕೆಯ ಹೆಸರುಗಳ ಹತ್ತಿರ ನಿಂತರು. ಸುಪಾರಿ, ಖರ್ರಾ, ಮಾವಾ, ತಾಮೂಲ್ ಅಂತ ಒಂದೊಂದೇ ಓದಿದರು.

"ರಾಶಿ, ಬೆಟ್ಟೆ, ಗೊರಬಲು ಯಾಕೆ ಹಾಕಿಲ್ಲ?"

"ಅದು ಮಂಡಿಯವರ ಮಾತು ಅಪ್ಪ, ಡಾಕ್ಟರು ಹಾಗೆ ಬರೆಯಲ್ಲ."

"ನೀನು ಡಾಕ್ಟರಲ್ವಾ?" ಅಂದು, ಕವಳದ ಸಂಚಿ ತೆಗೆದುಕೊಂಡು ಅಂಗಳಕ್ಕೆ ಹೋದರು.